ಬಾಗಿಲು ಹಾಕಿಕೊಂಡು ಹಾಡಿದ ಹಾಡು

ಕೂರಲು ಸಾಕಷ್ಟು ಕುರ್ಚಿಗಳಿರಲಿಲ್ಲ. ನೆಲದ ಮೇಲೆಯೇ ಕುಳಿತು, ಬಾಗಿಲು ಹಾಕಿಕೊಂಡು, ಮೆಲುದನಿಯಲ್ಲಿ ಒಬ್ಬರಿಂದೊಬ್ಬರು ಹಾಡು ಕಲಿಯುತ್ತಿದ್ದರು. ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಊರು, ಸುಮಾರು 1870ರ ಮಾತು. ಹಾಡುತ್ತಿದ್ದವರು ಫಿಸ್ಕ್ ಎಂಬ ಬಡ ಶಾಲೆಯ ಕಪ್ಪು ಹುಡುಗ ಹುಡುಗಿಯರು. ಅವರ ಹೆತ್ತವರು ಹತ್ತಿ ಹೊಲದಲ್ಲಿ ದುಡಿಯುತ್ತ, ರಾತ್ರಿ ಗುಡಿಸಲಿನಲ್ಲಿ ಸೇರಿ ಪ್ರಾರ್ಥಿಸುತ್ತ ಹಾಡಿಕೊಂಡಿದ್ದ ಹಾಡುಗಳವು. ನಾಲ್ಕು ಜನರೆದುರು ಅವನ್ನು ಹಾಡಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ. ಗುಲಾಮಗಿರಿ ಕಳೆದು ಐದು ವರ್ಷವಷ್ಟೇ ಆಗಿತ್ತು. ಆ ಹಾಡುಗಳಿಗೆ ಇನ್ನೂ ಆ ಕತ್ತಲೆಯ ವಾಸನೆ ಅಂಟಿಕೊಂಡಿತ್ತು. ಜೊತೆಗೆ ಅವು ಹೆತ್ತವರ ದೇವರ ಹಾಡುಗಳು. ಬೀದಿಗೆ ತರುವುದು ಹೇಗೆ?

ಆ ಕೋಣೆಯ ನೆನಪನ್ನು ಮುಂದೆ ಬರೆದಿಟ್ಟವರು ಎಲಾ ಶೆಪರ್ಡ್, ಆ ಗುಂಪಿನ ಪಿಯಾನೊ ವಾದಕಿ. ಕುರ್ಚಿಗಳಿಲ್ಲದ ಆ ಕೋಣೆಯೇ ಈ ಲೇಖನಕ್ಕೆ ಕಾರಣ. ಕಪ್ಪು ಕಲಾವಿದರ ಸಂಗೀತವನ್ನು ಎಲ್ಲಿಂದ ಕೇಳಲು ಶುರುಮಾಡಲಿ ಎಂದು ಯಾರಾದರೂ ವಿಚಾರಿಸಿದರೆ, ಜಾಜ್ ಇರಲಿ, ಬ್ಲೂಸ್ ಇರಲಿ, ಗಾಸ್ಪೆಲ್, ಸೋಲ್ ಏನೇ ಇರಲಿ, ಮೊದಲು ಈ ಕೋಣೆಗೆ ಹೋಗಿ ಬನ್ನಿ ಎನ್ನುತ್ತೇನೆ.

ಫಿಸ್ಕ್ ಶಾಲೆ ಶುರುವಾದದ್ದು 1866ರ ಜನವರಿಯಲ್ಲಿ, ಅಂತರ್ಯುದ್ಧ ಮುಗಿದ ಮರುವರ್ಷ. ಸೈನ್ಯದ ಆಸ್ಪತ್ರೆಯಾಗಿದ್ದ ಮರದ ಶೆಡ್ಡುಗಳೇ ತರಗತಿಗಳು. ಅಮೆರಿಕನ್ ಮಿಷನರಿ ಅಸೋಸಿಯೇಷನ್ ಇದರ ಬೆನ್ನಿಗಿತ್ತು. ಬಿಡುಗಡೆಯಾದ ಗುಲಾಮರ ನೆರವಿಗಿದ್ದ ಸರ್ಕಾರಿ ಇಲಾಖೆಯ ಜನರಲ್ ಕ್ಲಿಂಟನ್ ಫಿಸ್ಕ್ ಅವರ ಹೆಸರನ್ನು ಇಟ್ಟರು. ಗುಲಾಮರನ್ನು ಮಾರುತ್ತಿದ್ದ ದೊಡ್ಡಿಯಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಬೇಡಿಗಳನ್ನು ಆಯ್ದು ಗುಜರಿಗೆ ಹಾಕಿ, ಬಂದ ದುಡ್ಡಿನಲ್ಲಿ ಅಕ್ಷರ ಕಲಿಸುವ ಪುಸ್ತಕ ತಂದರೆಂದು ಫಿಸ್ಕ್‌ನವರು ಇಂದಿಗೂ ಹೇಳುತ್ತಾರೆ. ಐದೇ ವರ್ಷದಲ್ಲಿ ಸಾಲ ಏರಿತು, ಶೆಡ್ಡುಗಳು ಕುಸಿಯತೊಡಗಿದವು, ಶಾಲೆಗೆ ಬೀಗ ಬೀಳುವ ದಿನ ಬಂತು.

ಇನ್ನು ಎಲಾ. ಹುಟ್ಟಿದ್ದು 1851ರ ಫೆಬ್ರುವರಿಯಲ್ಲಿ, ಅದೇ ನ್ಯಾಶ್‌ವಿಲ್‌ನಲ್ಲಿ, ಗುಲಾಮಳಾಗಿ. ತಾಯಿ ಸಾರಾ ಒಡತಿಯ ಮನೆಯ ಆಳು. ಒಂದು ದಿನ ಸಾರಾಳಿಗೆ ಒಂದು ಸಂಗತಿ ತಿಳಿಯಿತು: ತಾಯಿ ಏನು ಮಾಡುತ್ತಾಳೆ, ಏನು ಆಡುತ್ತಾಳೆ ಎಂದು ಬಂದು ಹೇಳುವಂತೆ ಒಡತಿ ಪುಟ್ಟ ಎಲಾಳಿಗೆ ಕಲಿಸಿದ್ದಳು. ಹೆತ್ತ ಮಗಳನ್ನೇ ತನ್ನ ಮೇಲೆ ಬೇಹಿಗೆ ಬಿಟ್ಟಿದ್ದಾರೆಂದು ಗೊತ್ತಾದಾಗ ಆ ತಾಯಿ ಮಗುವನ್ನು ಎತ್ತಿಕೊಂಡು ಕಂಬರ್ಲೆಂಡ್ ನದಿಯ ಕಡೆ ನಡೆದಳು, ಇಬ್ಬರೂ ಮುಳುಗಿಬಿಡೋಣವೆಂದು. ದಾರಿಯಲ್ಲಿ ಒಬ್ಬ ಮುದುಕಿ ಅಡ್ಡ ನಿಂತಳು. ಈ ಮಗುವಿನಿಂದ ದೇವರಿಗೆ ಇನ್ನೂ ಕೆಲಸವಿದೆ ಎಂಬರ್ಥದ ಮಾತು ಹೇಳಿ ಹಿಂದಕ್ಕೆ ಕಳುಹಿಸಿದಳು.

ತಂದೆ ಸೈಮನ್ ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡಿದ್ದವನು. 350 ಡಾಲರ್ ತೆತ್ತು ಮಗಳನ್ನೂ ಬಿಡಿಸಿಕೊಂಡ. ಹೆಂಡತಿಯನ್ನು ಬಿಡಿಸಿಕೊಳ್ಳಲಾಗಲಿಲ್ಲ, ಒಡತಿ ಆಕೆಯನ್ನು ಕೊಡಲೊಪ್ಪದೆ ಮಿಸಿಸಿಪ್ಪಿಗೆ ಸಾಗಿಸಿದಳು. ಮುಂದೆ ಸೈಮನ್ ಸಾಲದಲ್ಲಿ ಬಿದ್ದ. ಸಾಲಗಾರರು ಮಗಳನ್ನು ಆಸ್ತಿಯೆಂದು ಜಪ್ತಿ ಮಾಡಿಯಾರೆಂಬ ಭಯ. ಎಲ್ಲವನ್ನೂ ಬಿಟ್ಟು ಮಗಳನ್ನು ಕರೆದುಕೊಂಡು ಸಿನ್ಸಿನಾಟಿಗೆ ಓಡಿಹೋದ.

ಅಲ್ಲಿ ಎಲಾಳಿಗೆ ಪಿಯಾನೊ ಸಿಕ್ಕಿತು. ಸಂಗೀತ ಹೇಳಿಕೊಡಲು ಒಬ್ಬ ಬಿಳಿಯ ಶಿಕ್ಷಕಿ ಒಪ್ಪಿದರು, ಷರತ್ತಿನ ಮೇಲೆ. ಯಾರು ಕಲಿಸುತ್ತಿದ್ದಾರೆಂದು ಯಾರಿಗೂ ಹೇಳಕೂಡದು. ರಾತ್ರಿ ಹೊತ್ತು ಹಿಂಬಾಗಿಲಿನಿಂದ ಬರಬೇಕು. ಪಾಠ ಮಹಡಿಯ ಹಿಂದಿನ ಕೋಣೆಯಲ್ಲಿ. ಹುಡುಗಿ ಹೋದಳು, ಕಲಿತಳು. 1866ರಲ್ಲಿ ತಂದೆ ಕಾಲರಾದಿಂದ ತೀರಿಕೊಂಡ. ಮನೆಯಲ್ಲಿದ್ದುದೆಲ್ಲ ಸಾಲಕ್ಕೆ ಹೋಯಿತು. ಎಲಾ ಟೆನೆಸಿಗೆ ಮರಳಿ, ಗ್ಯಾಲಟಿನ್ ಎಂಬ ಊರಿನಲ್ಲಿ ಕಪ್ಪು ಮಕ್ಕಳಿಗೆ ಪಾಠ ಹೇಳಿ, ತಿಂಗಳುಗಟ್ಟಲೆ ದುಡಿದು ಆರು ಡಾಲರ್ ಉಳಿಸಿದಳು. ಆ ಆರು ಡಾಲರ್ ಹಿಡಿದು 1868ರಲ್ಲಿ ಫಿಸ್ಕ್‌ಗೆ ಬಂದಾಗ ಅವಳ ಟ್ರಂಕು ಎಷ್ಟು ಚಿಕ್ಕದಿತ್ತೆಂದರೆ ಹುಡುಗರು ಅದನ್ನು ತಿಂಡಿಯ ಡಬ್ಬಿಯೆಂದು ಚುಡಾಯಿಸಿದರಂತೆ. ಮುಂದೆ ಆಕೆ ಅಲ್ಲಿಯೇ ಸಂಗೀತ ಶಿಕ್ಷಕಿ. ಫಿಸ್ಕ್‌ನ ಮೊದಲ ಕಪ್ಪು ಶಿಕ್ಷಕಿ.

ಈ ಒಬ್ಬ ಹೆಣ್ಣುಮಗಳ ಬಗ್ಗೆ ಇಷ್ಟು ಬರೆದದ್ದು ಹೆಚ್ಚೆಂದು ನನಗೆ ಅನ್ನಿಸುವುದಿಲ್ಲ. ಫಿಸ್ಕ್‌ನ ಈ ಹಾಡುಗಾರರ ಮೇಳದ ಪ್ರಸಿದ್ಧಿಯೆಲ್ಲ ಬಹುಕಾಲ ಅದನ್ನು ಕಟ್ಟಿದ ಜಾರ್ಜ್ ವೈಟ್ ಅವರ ಹೆಸರಿಗೆ ಹೋಯಿತು. ವೈಟ್ ಕಮ್ಮಾರನ ಮಗ, ಬಿಳಿಯ, ಫಿಸ್ಕ್‌ನ ಖಜಾಂಚಿ. ಸಂಗೀತದ ಶಾಸ್ತ್ರೀಯ ಪಾಠವಾಗದಿದ್ದರೂ ಅಪರೂಪದ ಕಿವಿಯುಳ್ಳವರು. ಅವರ ಪಾಲನ್ನು ಕಡಿಮೆ ಮಾಡುವ ಮಾತಿಲ್ಲ. ಆದರೆ ತಾಲೀಮು ಮಾಡಿಸಿದವರು, ಪಿಯಾನೊ ನುಡಿಸಿದವರು, ಹಾಡುಗಳನ್ನು ಕೂಡಿಹಾಕಿ ಬರೆದಿಟ್ಟವರು, ಪ್ರವಾಸದ ದಿನಚರಿ ಬರೆದವರು ಎಲಾ.

ಶಾಲೆ ಉಳಿಸಲು ಊರೂರು ತಿರುಗಿ ಹಾಡಿ ದುಡ್ಡು ತರೋಣವೆಂದು ವೈಟ್ ಹೊರಟದ್ದು 1871ರ ಅಕ್ಟೋಬರ್ 6ರಂದು, ಒಂಬತ್ತು ಹಾಡುಗಾರರೊಂದಿಗೆ. ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರು. ಮಿನಿ ಟೇಟ್‌ಗೆ ಹದಿನಾಲ್ಕೇ ವರ್ಷ. ಬೆಂಜಮಿನ್ ಹೋಮ್ಸ್ ದರ್ಜಿಯ ಅಂಗಡಿಯಲ್ಲಿ ಆಳಾಗಿದ್ದಾಗ ಬೋರ್ಡುಗಳನ್ನು ನೋಡಿ ನೋಡಿಯೇ ಓದು ಕಲಿತವರು. ಅಧ್ಯಕ್ಷ ಲಿಂಕನ್ ಹೊರಡಿಸಿದ ಬಿಡುಗಡೆಯ ಘೋಷಣೆಯನ್ನು ಗುಲಾಮರ ಸೆರೆಮನೆಯಲ್ಲಿ ಜೊತೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದವರು.

ಶುರುವಿನಲ್ಲಿ ಅವರು ಹಾಡಿದ್ದು ಯುರೋಪಿನ ಗೀತೆಗಳನ್ನು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು ಕಪ್ಪು ಜನರನ್ನು ಅಣಕಿಸುವ ಆಟಗಳನ್ನು ನೋಡಿ ಜನ ನಗುತ್ತಿದ್ದ ಕಾಲ ಅದು. ಸಭಿಕರು ನಗಲು ಬರುತ್ತಿದ್ದರು, ನಗು ಸಿಗದೆ ಹೋಗುತ್ತಿದ್ದರು. ಹೋಟೆಲುಗಳು ಕೋಣೆ ಕೊಡುತ್ತಿರಲಿಲ್ಲ. ಒಹಾಯೊದಲ್ಲಿದ್ದಾಗ ಶಿಕಾಗೊ ಊರು ಬೆಂಕಿಗೆ ಸಿಕ್ಕಿತೆಂಬ ಸುದ್ದಿ ಬಂತು. ಕೈಯಲ್ಲಿದ್ದ ಐವತ್ತು ಡಾಲರಿಗೂ ಕಡಿಮೆ ಗಳಿಕೆಯನ್ನು ಅಲ್ಲಿಗೆ ಕೊಟ್ಟುಬಿಟ್ಟರು. ಸಾಲದಲ್ಲಿ ಮುಳುಗಿದ ಶಾಲೆಗಾಗಿ ಬೇಡಲು ಹೊರಟ ಮಕ್ಕಳು!

ನವೆಂಬರಿನಲ್ಲಿ ಓಬರ್ಲಿನ್ ಊರಿನ ಚರ್ಚಿನಲ್ಲಿ ಪಾದ್ರಿಗಳ ದೊಡ್ಡ ಸಮಾವೇಶ. ಅಲ್ಲಿ ಅವರು ‘ಸ್ಟೀಲ್ ಅವೇ’ ಎತ್ತಿಕೊಂಡರು. ಬಾಗಿಲು ಹಾಕಿಕೊಂಡು ಕಲಿತ ಹಾಡುಗಳಲ್ಲೊಂದು. ಗುಜುಗುಜು ನಿಂತಿತು. ಕೊಲಂಬಸ್ ಊರಿನಲ್ಲಿ ವೈಟ್ ಒಂದು ರಾತ್ರಿಯೆಲ್ಲ ಪ್ರಾರ್ಥನೆಯಲ್ಲಿ ಕಳೆದು ಬೆಳಿಗ್ಗೆ ಮೇಳಕ್ಕೆ ಹೆಸರು ಕೊಟ್ಟರು: ಜುಬಿಲಿ ಸಿಂಗರ್ಸ್. ಐವತ್ತನೆಯ ವರ್ಷದಲ್ಲಿ ಗುಲಾಮರಿಗೆಲ್ಲ ಬಿಡುಗಡೆಯಾಗಬೇಕೆಂದು ಬೈಬಲ್ಲಿನ ಲೇವಿಯ ಕಾಂಡ ವಿಧಿಸುವ ವರ್ಷವೇ ಜುಬಿಲಿ. ಆಮೇಲೆ ಬ್ರೂಕ್ಲಿನ್, 1872ರಲ್ಲಿ ಶ್ವೇತಭವನದಲ್ಲಿ ಅಧ್ಯಕ್ಷ ಗ್ರ್ಯಾಂಟ್ ಎದುರು, 1873ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಎದುರು. ಮೊದಲ ಸುತ್ತಿನಲ್ಲೇ 20,000 ಡಾಲರ್ ತಂದರು. ಏಳು ವರ್ಷಗಳಲ್ಲಿ ಒಟ್ಟು ಸುಮಾರು 1,50,000. ಆ ದುಡ್ಡಿನಿಂದ ಎದ್ದ ಜುಬಿಲಿ ಹಾಲ್ 1876ರ ಜನವರಿ 1ರಂದು ಬಾಗಿಲು ತೆರೆಯಿತು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರ ಓದಿಗೆಂದೇ ಕಟ್ಟಿದ ಮೊದಲ ಕಾಯಂ ಕಟ್ಟಡ ಅದು. ಫಿಸ್ಕ್‌ನಲ್ಲಿ ಓದಿದ ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಆ ಗೋಡೆಗಳು ಹಾಡುಗಳಿಂದಲೇ ಕಟ್ಟಿದಂತೆ ಕಂಡವು.

ಬೆಲೆ ತೆತ್ತವರು ಹಾಡಿದವರು. ಚಳಿ, ಓಡಾಟ, ಬಿಡುವಿಲ್ಲದ ಕಾರ್ಯಕ್ರಮಗಳು. ಹೋಮ್ಸ್ ಕ್ಷಯಕ್ಕೆ ಬಲಿಯಾದರು. ವೈಟ್ ಅವರ ಹೆಂಡತಿ ಗ್ಲಾಸ್ಗೋದಲ್ಲಿ ತೀರಿಕೊಂಡರು. 1878ರಲ್ಲಿ ದಣಿದ ಮೇಳ ಚೆದುರಿತು. ಆದರೆ ಫ್ರೆಡರಿಕ್ ಲೌಡಿನ್ ಎಂಬ ಗಟ್ಟಿ ಕಂಠದ ಗಾಯಕ ಮುಂದೆ ತಮ್ಮದೇ ಮೇಳ ಕಟ್ಟಿಕೊಂಡು 1884ರಿಂದ ಆರು ವರ್ಷ ಜಗತ್ತು ಸುತ್ತಿದರು. ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೂ ಬಂದು ತಾಜಮಹಲಿನೊಳಗೆ ಹಾಡಿದರು. ಆ ಗುಮ್ಮಟದ ಕೆಳಗೆ ದನಿ ಎಷ್ಟು ಹೊತ್ತು ತಿರುಗುತ್ತದೆಂದು ಅಲ್ಲಿ ನಿಂತವರಿಗೆಲ್ಲ ಗೊತ್ತು.

ಹಾಡುಗಾರಿಕೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಸ್ಪಿರಿಚುವಲ್ ಎಂದು ಕರೆಯುವ ಈ ಹಾಡುಗಳಲ್ಲಿ ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಸೋಬಾನೆ ಪದ ಕೇಳಿ ಬೆಳೆದವರಿಗೆ ಈ ಕ್ರಮ ಪರಿಚಿತ. ಫಿಸ್ಕ್ ಮೇಳ ಅದನ್ನು ನಾಲ್ಕು ಎತ್ತರಗಳ ದನಿಗಳಿಗೆ ಹಂಚಿತು. ವೈಟ್ ಬಯಸಿದ್ದು ಮೆಲುದನಿ: ಪಿಸುಮಾತಿನಷ್ಟು ಸಣ್ಣದಾಗಬೇಕು, ಆದರೂ ಕೊನೆಯ ಸಾಲಿನವರಿಗೆ ಅಕ್ಷರ ಅಕ್ಷರ ಕೇಳಬೇಕು. ಬಾಗಿಲು ಹಾಕಿಕೊಂಡು ಹಾಡಿದ ಅಭ್ಯಾಸವೇ ವೇದಿಕೆಗೂ ಬಂತೇನೋ ಎಂದು ನನಗೆ ಅನ್ನಿಸುತ್ತದೆ. ಈ ಹಾಡುಗಳಿಗೆ 1872ರಲ್ಲಿ ಸ್ವರಲಿಪಿ ಬರೆದ ಥಿಯೊಡೊರ್ ಸೀವರ್ಡ್ ಒಂದು ಅಂಶ ಗುರುತಿಸಿದರು: ಅರ್ಧಕ್ಕಿಂತ ಹೆಚ್ಚು ಹಾಡುಗಳಲ್ಲಿ ನಾಲ್ಕನೆಯ, ಏಳನೆಯ ಸ್ವರಗಳಿಲ್ಲ. ಮಧ್ಯಮ, ನಿಷಾದ ಬಿಟ್ಟರೆ ಉಳಿಯುವುದು ನಮ್ಮ ಮೋಹನದ, ಹಿಂದೂಸ್ತಾನಿಯವರ ಭೂಪದ ಸ್ವರಗಳು. ‘ಸ್ವಿಂಗ್ ಲೋ, ಸ್ವೀಟ್ ಚಾರಿಯಟ್’ ಮೊದಲ ಸಲ ಕೇಳಿದರೂ ಕನ್ನಡದ ಕಿವಿಗೆ ಎಲ್ಲೋ ಕೇಳಿದ ಹಾಗಿರುತ್ತದೆ.

ಹಾಗಾದರೆ ಏನು ಕೇಳಬೇಕು? ಮೊದಲು 1909ರ ಡಿಸೆಂಬರಿನಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಗಾಗಿ ಫಿಸ್ಕ್‌ನ ನಾಲ್ವರು ಗಂಡಸರು ಹಾಡಿದ ‘ಸ್ವಿಂಗ್ ಲೋ’. ಮುಂಚೂಣಿಯ ದನಿ ಜಾನ್ ವೆಸ್ಲಿ ವರ್ಕ್ ಅವರದು. ಫಿಸ್ಕ್‌ನಲ್ಲಿ ಲ್ಯಾಟಿನ್ ಮತ್ತು ಇತಿಹಾಸ ಕಲಿಸುತ್ತಿದ್ದ ಆತ ಮರೆಯಾಗುತ್ತಿದ್ದ ಹಾಡುಗಳನ್ನು ಹುಡುಕಿ ಕೂಡಿಸಿದರು. ಕ್ಯಾಂಪಸ್ಸಿನೊಳಗೇ ಈ ಹಾಡುಗಳ ಬಗ್ಗೆ ಅಸಡ್ಡೆ ಇತ್ತು. 1923ರಲ್ಲಿ ಅವರು ಫಿಸ್ಕ್ ಬಿಟ್ಟರು, ಎರಡು ವರ್ಷದಲ್ಲಿ ತೀರಿಕೊಂಡರು.

ಅಲ್ಲಿಂದ ಗಾಸ್ಪೆಲ್‌ಗೆ ಬನ್ನಿ. ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರ ಹಾಡು ಹಾಡಿದ ಸಿಸ್ಟರ್ ರೊಸೆಟಾ ಥಾರ್ಪ್ ಅವರ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ 1944ರದು. ರಾಕ್ ಸಂಗೀತ ಎಲ್ಲಿಂದ ಬಂತೆಂದು ಅದನ್ನು ಕೇಳಿದವರಿಗೆ ಬೇರೆ ಹೇಳಬೇಕಾಗಿಲ್ಲ. ಮಹಾಲಿಯಾ ಜ್ಯಾಕ್ಸನ್ ಅವರ ಯಾವ ಹಾಡನ್ನಾದರೂ ಕೇಳಿ. ಅರಿತಾ ಫ್ರ್ಯಾಂಕ್ಲಿನ್ 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ಎರಡು ರಾತ್ರಿ ಹಾಡಿದ ‘ಅಮೇಜಿಂಗ್ ಗ್ರೇಸ್’ ಆಲ್ಬಮ್‌ ಅನ್ನು ಮಾತ್ರ ಪೂರ್ತಿ ಕೇಳಿ, ಬಿಡಿಬಿಡಿಯಾಗಿ ಬೇಡ. ಜಾಜ್ ಕಡೆಗೆ ಮನಸ್ಸಿದ್ದವರಿಗೆ ಜಾನ್ ಕೋಲ್ಟ್ರೇನ್ 1961ರಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ ‘ಸ್ಪಿರಿಚುವಲ್’; ಆರ್ಚಿ ಶೆಪ್ ಮತ್ತು ಹೊರೇಸ್ ಪಾರ್ಲನ್ ಸ್ಯಾಕ್ಸೊಫೋನ್, ಪಿಯಾನೊ ಎರಡರಲ್ಲೇ ನುಡಿಸಿದ 1977ರ ‘ಗೋಯಿನ್ ಹೋಮ್’. ಪದಗಳಿಲ್ಲದೆಯೂ ಈ ಹಾಡುಗಳು ನಿಲ್ಲುತ್ತವೆ ಎಂಬುದು ಅಲ್ಲಿ ತಿಳಿಯುತ್ತದೆ. ನಮ್ಮ ಶಾಲೆಗಳಲ್ಲಿ, ಚಳವಳಿಗಳಲ್ಲಿ ಕನ್ನಡದಲ್ಲಿ ಹಾಡುವ ‘ವಿ ಶಲ್ ಓವರ್‌ಕಮ್’ ಕೂಡ ಕಪ್ಪು ಜನರ ಚರ್ಚಿನಲ್ಲಿ ಹುಟ್ಟಿ, ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಬೆಳೆದು, ಇದೇ ಟೆನೆಸಿಯ ಹೈಲ್ಯಾಂಡರ್ ಶಾಲೆಯ ಮೂಲಕ ಲೋಕಕ್ಕೆ ಹರಡಿದ್ದು.

ಫಿಸ್ಕ್ ಮೇಳ ಇಂದೂ ಇದೆ. ಹಾಡುವವರು ವಿದ್ಯಾರ್ಥಿಗಳೇ. ಘಾನಾದಲ್ಲಿ ಹುಟ್ಟಿ ಫಿಸ್ಕ್‌ಗೆ ಬಂದು ಅದೇ ಮೇಳದಲ್ಲಿ ಹಾಡಿದ್ದ ಪಾಲ್ ಕ್ವಾಮಿ 1994ರಿಂದ ಅದನ್ನು ನಡೆಸಿದರು. ವೇದಿಕೆಯ ಮೇಲೆ ಕೈ ಆಡಿಸುವ ನಿರ್ದೇಶಕ ಬೇಡವೆಂದರು. ಹಾಡುವವರು ಪಕ್ಕದವರ ಉಸಿರು ಕೇಳಿಸಿಕೊಂಡು ಒಟ್ಟಿಗೆ ಎತ್ತಬೇಕು. ನೂರೈವತ್ತರ ನೆನಪಿನ ಆಲ್ಬಮ್‌ಗೆ 2021ರಲ್ಲಿ ಗ್ರ್ಯಾಮಿ ಬಂತು. ಮರುವರ್ಷ ಸೆಪ್ಟೆಂಬರಿನಲ್ಲಿ ಕ್ವಾಮಿ ತೀರಿಕೊಂಡರು. ಫಿಸ್ಕ್‌ಗೆ ದುಡ್ಡಿನ ಕಷ್ಟ ಮಾತ್ರ ತೀರಲೇ ಇಲ್ಲ. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಕೊಟ್ಟಿದ್ದ ಅಮೂಲ್ಯ ಚಿತ್ರಸಂಗ್ರಹದ ಅರ್ಧ ಪಾಲನ್ನು 2012ರಲ್ಲಿ ಬೇರೊಂದು ಮ್ಯೂಸಿಯಮ್ಮಿಗೆ ಮಾರಬೇಕಾಯಿತು. ಹಾಡನ್ನು ಮಾರಲಿಲ್ಲ ಎಂಬುದೇ ಸಮಾಧಾನ.

ಕೊನೆಗೆ ಮತ್ತೆ ಎಲಾ ಕಡೆಗೆ. ಅಂತರ್ಯುದ್ಧ ಮುಗಿದ ಮೇಲೆ ಎಲಾಗೆ ತಾಯಿ ಸಿಕ್ಕಿದರು. ಮುಂದೆ ನ್ಯಾಶ್‌ವಿಲ್‌ನಲ್ಲಿ ಮನೆ ಕಟ್ಟಿಸಿ ಎಲಾ ತಾಯಿಯನ್ನು ಕರೆತಂದು ಇಟ್ಟುಕೊಂಡರು. ಆ ಊರಿನ ಹಳೆಯ ಸ್ಮಶಾನದಲ್ಲಿ ಎಲಾ ಅವರ ಸಮಾಧಿಯಿದೆ. ಪ್ರತಿ ವರ್ಷ ಅಕ್ಟೋಬರ್ 6 ಫಿಸ್ಕ್‌ನಲ್ಲಿ ಜುಬಿಲಿ ದಿನ. ಅಂದು ಮೇಳದ ಹುಡುಗ ಹುಡುಗಿಯರು ಮೊದಲ ಹಾಡುಗಾರರ ಸಮಾಧಿಗಳಿಗೆ ಹೋಗಿ, ಬಯಲಿನಲ್ಲಿ ನಿಂತು ಹಾಡಿ ಬರುತ್ತಾರೆ.