ಕೂಸು ಒಪ್ಪಿದ ಮೇಲೆ ತಾಯಿ

ಹೆತ್ತ ತಾಯಿಗಿಂತ ಸಾಕಿದ ತಾಯಿ ದೊಡ್ಡವಳೆಂಬ ಮಾತು ನಮ್ಮ ಹಿರಿಯರ ನಾಲಿಗೆಯಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಆದರೆ ಸಾಕುವವಳು ತಾಯಿಯಾಗುವುದು ಯಾವ ಗಳಿಗೆಯಲ್ಲಿ? ದತ್ತಕಪತ್ರಕ್ಕೆ ಮೊಹರು ಬಿದ್ದಾಗಲೋ, ಕೂಸು ಅವಳನ್ನು ಕಂಡು ಕೈಚಾಚಿದಾಗಲೋ? ಈ ಪ್ರಶ್ನೆಗೆ ಮಧ್ಯ ಏಷ್ಯಾದ ಕಝಾಕಸ್ತಾನವು ತನ್ನ ಕಾನೂನಿನ ಮೂಲಕವೇ ನೀಡಿದ ಉತ್ತರವು ಎಲ್ಲ ಗೃಹಸ್ಥರ ಮನನಕ್ಕೆ ಯೋಗ್ಯವಾದುದು.

1991ರಲ್ಲಿ ಸ್ವತಂತ್ರವಾದ ಆ ದೇಶಕ್ಕೆ ಮುಂದಿನ ವರ್ಷಗಳಲ್ಲಿ ಅಮೆರಿಕ, ಯುರೋಪುಗಳ ಸಾವಿರಾರು ದಂಪತಿಗಳು ದತ್ತು ಮಕ್ಕಳಿಗಾಗಿ ಹೋದರು. ಅವರು ಮಗುವನ್ನೆತ್ತಿಕೊಂಡು ಮರುದಿನವೇ ವಿಮಾನವೇರುವಂತಿರಲಿಲ್ಲ. ಕನಿಷ್ಠ 14 ದಿನ ಆ ಊರಿನಲ್ಲಿಯೇ ತಂಗಿ, ಶಿಶುಗೃಹಕ್ಕೆ ಹೋಗಿ ಮಗುವಿನೊಡನೆ ಕಾಲ ಕಳೆಯಬೇಕಿತ್ತು. ಅನಂತರವೇ ನ್ಯಾಯಾಲಯದ ವಿಚಾರಣೆ.

ಆ ದಿನಗಳ ಬಗೆಯನ್ನು ನಾವು ಊಹಿಸಿಕೊಳ್ಳಬಹುದು. ಹೊರಗೆ ಮೈಕೊರೆಯುವ ಚಳಿ, ಒಳಗೆ ಅರಿಯದ ಭಾಷೆ. ದಾದಿಯ ಹೆಗಲಿನಿಂದ ಇಳಿದ ಕೂಸು ಹೊಸ ಮುಖವನ್ನು ಕಂಡು ಚೀರುತ್ತದೆ. ಏಳೆಂಟು ತಿಂಗಳು ತುಂಬಿದ ಕೂಸು ಪರಿಚಿತರನ್ನೂ ಅಪರಿಚಿತರನ್ನೂ ಬೇರ್ಪಡಿಸಬಲ್ಲದು. ಆ ಅಳು ತಿರಸ್ಕಾರವಲ್ಲ, ಬುದ್ಧಿ ಬೆಳೆಯುತ್ತಿರುವುದರ ಕುರುಹು. ನಾಳೆ ಅದೇ ಹೊತ್ತಿಗೆ ಅದೇ ಮುಖ, ಅದೇ ದನಿ, ಅದೇ ಜೋಗುಳ ಮತ್ತೆ ಬಂದಾಗ ಅಳು ತುಸು ತಗ್ಗೀತು. ಒಂದು ದಿನ ಕೂಸು ತಾನಾಗಿ ಸೆರಗನ್ನೋ ತೋಳನ್ನೋ ಹಿಡಿದೀತು. ಮಮತೆ ಹೀಗೆ ಪುನರಾವೃತ್ತಿಯಿಂದ ಮೂಡುವುದೇ ಹೊರತು ಉಡುಗೊರೆಯಿಂದಲ್ಲ.

ಮಗುವಿಗೆ ಒಬ್ಬ ನಂಬಿಗಸ್ತ ಪಾಲಕರ ಅಂಟು ಅನ್ನದಷ್ಟೇ ಅವಶ್ಯವೆಂದು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಪ್ರತಿಪಾದಿಸಿದರು. ರುಮೇನಿಯಾದಲ್ಲಿ 1989ರ ಕ್ರಾಂತಿಯ ಬಳಿಕ ಹೊರಜಗತ್ತು ಕಂಡ ಅನಾಥಾಲಯಗಳು ಇದಕ್ಕೆ ದಾರುಣ ಸಾಕ್ಷಿಯಾದವು. ಬುಕಾರೆಸ್ಟಿನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವು 136 ಮಕ್ಕಳನ್ನು ಪರಿಶೀಲಿಸಿತು. ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರಲ್ಲಿ ಸುಭದ್ರವಾದ ಅಂಟು ಬೆಳೆಯುವ ಸಂಭವ ಹೆಚ್ಚೆಂಬುದು ಅಲ್ಲಿ ಕಂಡುಬಂದಿತು.

ಆದರೆ ಮಮತೆಯೊಂದೇ ಸಾಲದೆಂಬುದಕ್ಕೆ ಗ್ವಾಟೆಮಾಲಾ ನಿದರ್ಶನ. ಕಾಗದಪತ್ರ ಮುಗಿಯುವ ಮೊದಲೇ ಅಮೆರಿಕದ ದಂಪತಿಗಳು ಅಲ್ಲಿಗೆ ಹಾರಿ, ಹೋಟೆಲುಗಳಲ್ಲಿ ಕೆಲವು ದಿನ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣೀರಿನೊಡನೆ ಸಾಕುತಾಯಿಗೆ ಮರಳಿ ಒಪ್ಪಿಸಿ ಬರುತ್ತಿದ್ದರು. 2007ರ ಒಂದೇ ವರ್ಷದಲ್ಲಿ 4000ಕ್ಕೂ ಹೆಚ್ಚು ಮಕ್ಕಳು ಅಮೆರಿಕ ಸೇರಿದರು. ಅವುಗಳಲ್ಲಿ ಕೆಲವು ಕದ್ದು ತಂದವು, ಕೆಲವು ಹೆತ್ತವಳನ್ನು ವಂಚಿಸಿ ಪಡೆದವು ಎಂಬುದು ಹೊರಬಿದ್ದು, ಆ ವರ್ಷಾಂತ್ಯಕ್ಕೆ ಹಳೆಯ ಪದ್ಧತಿ ಕೊನೆಗೊಂಡಿತು. ಅಪ್ಪಿದ ಮಗುವನ್ನು ಬಿಡಲಾರದ ಮನಸ್ಸು ಅದರ ಮೂಲವನ್ನು ಪ್ರಶ್ನಿಸಲು ಅಂಜುತ್ತದೆ. ಎಲ್ಲಿಯೋ ಮತ್ತೊಬ್ಬ ತಾಯಿ ಅದೇ ಕೂಸಿಗಾಗಿ ಹಂಬಲಿಸುತ್ತಿರಬಹುದು. ಆದ್ದರಿಂದಲೇ 1993ರ ಹೇಗ್ ಒಪ್ಪಂದವು ಹೆತ್ತವರ ನಿಜವಾದ ಸಮ್ಮತಿಯನ್ನೂ ಮಗುವಿನ ಹಿತವನ್ನೂ ಮೊದಲಿಗಿರಿಸಿತು. ಭಾರತ 2003ರಲ್ಲಿ, ಕಝಾಕಸ್ತಾನ 2010ರಲ್ಲಿ ಅದಕ್ಕೆ ಒಳಪಟ್ಟವು. ಕಝಾಕಸ್ತಾನವು 2012ರಲ್ಲಿ ಅಮೆರಿಕದವರಿಗೆ ದತ್ತು ನೀಡುವುದನ್ನು ನಿಲ್ಲಿಸಿತು.

ನಮ್ಮ ನಾಡಿನಲ್ಲಿ ಕೇಂದ್ರೀಯ ದತ್ತಕ ಸಂಪನ್ಮೂಲ ಪ್ರಾಧಿಕಾರದ ನಿಯಮಗಳಂತೆ ಮಗುವನ್ನು ಪಡೆಯುವ ದಂಪತಿಗಳಿಗೂ ಈ ಪಾಠ ಸಲ್ಲುತ್ತದೆ. ಕಾನೂನಿನ ದಾರಿಯನ್ನು ಬಿಡಬಾರದು. ಆ ದಾರಿ ಮುಗಿದ ಮೇಲೂ ಅವಸರಪಡಬಾರದು. ಕೂಸು ಬಂದ ದಿನವೇ ಬಂಧುಬಳಗವನ್ನೆಲ್ಲ ಕರೆದು ಕೈಯಿಂದ ಕೈಗೆ ದಾಟಿಸುವ ಸಂಭ್ರಮ ಬೇಡ. ಅದು ಹೊದ್ದು ಮಲಗುತ್ತಿದ್ದ ಹಳೆಯ ದುಪ್ಪಟಿಯನ್ನು ಕೇಳಿ ತನ್ನಿ, ತೊಳೆಯದೆ ಇಡಿ. ಆ ವಾಸನೆ ಅದರ ಪಾಲಿಗೆ ಹಿಂದಿನ ಮನೆ. ಕೆಲವು ವಾರ ಉಣಿಸುವ ಕೈ, ಮಲಗಿಸುವ ಮಡಿಲು ನಿಮ್ಮದೇ ಆಗಿರಲಿ. ಅದು ರಾತ್ರಿಯಿಡೀ ಅತ್ತರೆ ನೊಂದುಕೊಳ್ಳದಿರಿ. ತನ್ನನ್ನು ಎತ್ತಿ ಆಡಿಸಿದ ದಾದಿಯನ್ನು ಅದು ಕಳೆದುಕೊಂಡಿದೆ. ಆ ದುಃಖಕ್ಕೂ ನಿಮ್ಮ ಮನೆಯಲ್ಲಿ ಎಡೆಯಿರಲಿ.

ಜಿಲ್ಲಾ ದಂಡಾಧಿಕಾರಿಯ ಆದೇಶವು ನಿಮ್ಮನ್ನು ತಂದೆತಾಯಿಗಳೆಂದು ಒಂದು ದಿನದಲ್ಲಿ ಘೋಷಿಸಬಲ್ಲದು. ಕೂಸಿನ ತೀರ್ಪಿಗೆ ಕಾಯಬೇಕು. ಕಾದವರಿಗೆ ಅದು ತಪ್ಪದೆ ಕೈಚಾಚಲಿ ಎಂಬುದೇ ನಮ್ಮ ಹಾರೈಕೆ.