ಮಂಗಳೂರು ಪಟ್ಟಣವೂ ಅದರ ಸುತ್ತಣ ಸೀಮೆಯೂ

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಶಾಲೆಯ ಹಳೆಯ ಕಟ್ಟಡದ ಮಾಡನ್ನು ದುರಸ್ತು ಮಾಡಿಸಬೇಕಾಗಿ ಬಂದಿತು. ಒಡೆದ ಹಂಚುಗಳಿಗೆ ಬದಲಾಗಿ ಹೊಸವನ್ನು ತರಿಸೋಣವೆಂದರೆ, ಆ ಅಳತೆಯ ಹಂಚು ಈಗ ಸುಲಭದಲ್ಲಿ ದೊರೆಯದೆಂದೂ, ಕೆಡವಿದ ಹಳೆಯ ಮನೆಗಳ ಹಂಚನ್ನೇ ಕೊಂಡು ತರಬೇಕೆಂದೂ ಕೆಲಸದವನು ಹೇಳಿದನು. ಹಾಗೆಯೇ ತರಿಸಿದೆವು. ಅಂಗಳದಲ್ಲಿ ರಾಶಿ ಹಾಕಿದ್ದ ಅವುಗಳನ್ನು ಮಗುಚಿ ನೋಡುತ್ತಿದ್ದ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು, "ಟೀಚರ್, ಎಲ್ಲಾ ಹಂಚಿನ ಮೇಲೆಯೂ ಮಂಗಳೂರಿನ ಹೆಸರನ್ನೇ ಒತ್ತಿದ್ದಾರಲ್ಲಾ, ಯಾಕೆ?" ಎಂದು ಕೇಳಿದಳು. ಗಂಟೆ ಬಾರಿಸಿದ್ದುದರಿಂದ ಆಗ ನಾವು ಎರಡು ಮಾತಿನಲ್ಲಿ ಉತ್ತರ ಕೊಟ್ಟೆವು. ಅವಳ ಪ್ರಶ್ನೆಗೆ ಸಲ್ಲತಕ್ಕ ಪೂರ್ಣ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುವೆವು.

"ಮಂಗಳೂರು: ಹಂಚು, ಕಾಫಿ, ಗೇರುಬೀಜ" ಎಂದು ಬಾಯಿಪಾಠ ಮಾಡಿ ಭೂಗೋಳದಲ್ಲಿ ಅಂಕ ಪಡೆದವರಲ್ಲಿ ನಾವೂ ಸೇರಿದವರೇ. ಆದರೆ ಕಾಫಿಯು ಬೆಳೆಯುವುದು ಕೊಡಗಿನಲ್ಲಿ ಮತ್ತು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ. ಗೇರು ಬೆಳೆಯುವುದು ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ. ಅಡಿಕೆಯು ಪುತ್ತೂರು, ಸುಳ್ಯ ಮುಂತಾದ ಕಡೆಗಳ ತೋಟಗಳಲ್ಲಿ. ಪಟ್ಟಣವು ತಾನಾಗಿ ಬೆಳೆಸುವುದು ಅತ್ಯಲ್ಪ. ಹಾಗಾದರೆ ಅದು ಮಾಡುವುದೇನು? ಹಳ್ಳಿಯಲ್ಲಿ ಅಗ್ಗವಾಗಿ ಬಿದ್ದಿರುವ ವಸ್ತುವಿಗೆ ರೂಪವನ್ನೂ ಬೆಲೆಯನ್ನೂ ಕೊಟ್ಟು, ಆ ಬೆಲೆಯಲ್ಲಿ ಒಂದು ಪಾಲನ್ನು ಕೂಲಿಯಾಗಿಯೋ ಸಾಲವಾಗಿಯೋ ವಿದ್ಯೆಯಾಗಿಯೋ ಹಳ್ಳಿಗೆ ತಿರುಗಿ ಕಳುಹಿಸುವುದೇ ಅದರ ಕಸುಬು. ಆ ಪಾಲು ನ್ಯಾಯವಾದದ್ದೋ ಎಂಬುದನ್ನು ಮುಂದೆ ವಿಚಾರಿಸುವೆವು.

ನೇತ್ರಾವತಿಯೂ ಫಲ್ಗುಣಿಯೂ ಸಮುದ್ರವನ್ನು ಸೇರುವಲ್ಲಿ ಈ ಪಟ್ಟಣವಿದೆ. ತುಳುವರು ಇದನ್ನು ಕುಡ್ಲವೆಂದೂ ಕೊಂಕಣಿಗರು ಕೊಡಿಯಾಲವೆಂದೂ ಕರೆಯುವರು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವಿದ್ದುದರಿಂದ ದೊಡ್ಡ ಹಡಗುಗಳು ಹಿಂದೆ ದೂರದಲ್ಲಿಯೇ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಾಗಿತ್ತು. ಮಳೆಗಾಲದಲ್ಲಿ ಕೆಲಸ ನಿಂತುಹೋಗುತ್ತಿತ್ತು. 1907ರಲ್ಲಿ ರೈಲು ಮದ್ರಾಸಿನ ಕಡೆಯಿಂದ ಇಲ್ಲಿಗೆ ತಲಪಿತು. ಪಣಂಬೂರಿನ ಹೊಸ ಬಂದರು 1974ರಲ್ಲಿ ಪ್ರಧಾನ ಬಂದರೆನಿಸಿತು. 1979ರಲ್ಲಿ ಹಾಸನದ ರೈಲುದಾರಿಯೂ 1998ರಲ್ಲಿ ಕೊಂಕಣ ರೈಲ್ವೆಯೂ ಪೂರ್ಣವಾದವು.

ಇನ್ನು ಹಂಚಿನ ಸಂಗತಿ. ನಮ್ಮ ಸೀಮೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಬಡವರ ಮನೆಗಳಿಗೆ ಮುಳಿಹುಲ್ಲಿನ ಅಥವಾ ಸೋಗೆಯ ಮಾಡು. ಪ್ರತಿವರ್ಷ ಹೊದಿಸದಿದ್ದರೆ ಸೋರುವುದು, ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಕೇರಿಯೇ ಸುಡುವುದು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನಿನವರು, ಕ್ರೈಸ್ತರಾದ ಕಾರಣ ಭೂಮಿಯನ್ನೂ ಕುಲವೃತ್ತಿಯನ್ನೂ ಕಳಕೊಂಡವರಿಗೆ ಕೆಲಸ ಒದಗಿಸಲಿಕ್ಕಾಗಿ ನೇಯ್ಗೆ ಮೊದಲಾದ ಕೈಗಾರಿಕೆಗಳನ್ನು ತೊಡಗಿದರು. ಅವರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮಣ್ಣನ್ನು ಹದವಾಗಿ ಕಲಸಿ, ಯಂತ್ರದಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಆವೆಯಲ್ಲಿ ಸುಡುವರು. ಒಂದರ ಅಂಚು ಮತ್ತೊಂದರ ತೋಡಿನಲ್ಲಿ ಕೂಡುವುದರಿಂದ ನೀರು ಒಳಗೆ ಇಳಿಯದು. ಹೀಗೆ ಗದ್ದೆಯ ಅಡಿಯಲ್ಲಿ ಬೆಲೆಯಿಲ್ಲದೆ ಇದ್ದ ಮಣ್ಣು ಹಡಗು ಹತ್ತಿ ಪರದೇಶಗಳಿಗೂ ಹೋಯಿತು. ಇತರರೂ ಕಾರ್ಖಾನೆಗಳನ್ನು ಕಟ್ಟಿದರು. ನದಿಯ ದಡಗಳಲ್ಲಿ ಹೊಗೆಯ ಗೋಪುರಗಳು ಸಾಲಾಗಿ ಎದ್ದವು. 1914ರ ಮಹಾಯುದ್ಧದ ತರುವಾಯ ಮಿಶನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಸಿಮೆಂಟಿನ ತಾರಸಿ ಬಂದ ಮೇಲೆ ಅವುಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿವೆ. ಆದುದರಿಂದಲೇ ನಮಗೆ ಹಳೆಯ ಹಂಚು ತರಿಸಬೇಕಾಗಿ ಬಂದದ್ದು.

ಹೆಣ್ಣುಮಕ್ಕಳ ಶಾಲೆಯವರಾದ ನಾವು ಇದಕ್ಕಿಂತಲೂ ಮುಖ್ಯವೆಂದು ಎಣಿಸುವುದು ಕೂಲಿಯ ವಿಷಯವನ್ನು. ಗೇರುಮರವನ್ನು ಪೋರ್ಚುಗೀಸರು ಬ್ರೆಜಿಲಿನಿಂದ ತಂದರಷ್ಟೆ. ಅದರ ಬೀಜವನ್ನು ಹುರಿದು, ಒಡೆದು, ತೊಗಟೆ ಸುಲಿದು, ಬಣ್ಣವನ್ನೂ ಗಾತ್ರವನ್ನೂ ನೋಡಿ ವಿಂಗಡಿಸುವ ಕೆಲಸವು ಬಹುಮಟ್ಟಿಗೆ ಸ್ತ್ರೀಯರದೇ. ಸಿಪ್ಪೆಯ ಎಣ್ಣೆಯು ತಾಗಿದರೆ ಚರ್ಮವು ಸುಟ್ಟು ಕಪ್ಪಾಗುವುದು. ತಮ್ಮ ತಾಯಂದಿರ ಬೆರಳುಗಳನ್ನು ನೋಡಿದ ಹಳೇ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀಡಿಯ ಕೆಲಸವಾದರೋ ಮನೆಯ ಜಗಲಿಗೇ ಬಂದಿತು. ಎಲೆಯನ್ನೂ ಹೊಗೆಸೊಪ್ಪನ್ನೂ ಪೇಟೆಯ ವ್ಯಾಪಾರಸ್ಥರು ಕಳುಹಿಸುವರು. ಕಟ್ಟಿದ ಬೀಡಿಗಳನ್ನು ಲೆಕ್ಕ ಮಾಡಿ ಕೊಂಡುಹೋಗುವರು. ಆ ಧೂಳು ಎದೆಗೆ ಒಳ್ಳೆಯದಲ್ಲ, ಆ ಬೀಡಿಯೂ ಸೇದುವವನಿಗೆ ಒಳ್ಳೆಯದಲ್ಲ. ಅದನ್ನು ನಾವು ಹೊಗಳಲಾರೆವು. ಆದಾಗ್ಯೂ ಒಬ್ಬ ತಾಯಿಯು ಸೆರಗಿನ ತುದಿಯನ್ನು ಬಿಚ್ಚಿ, ಬೀಡಿಯ ಕೂಲಿಯ ಚಿಲ್ಲರೆಯನ್ನು ನಮ್ಮ ಮೇಜಿನ ಮೇಲೆ ಎಣಿಸಿಟ್ಟು, "ಇದು ಗಂಡಸರ ಹಣವಲ್ಲ, ನನ್ನದು; ಇವಳನ್ನು ಹತ್ತನೆಯ ತನಕ ನಿಲ್ಲಿಸಬೇಡಿರಿ" ಎಂದು ಹೇಳಿದ ದಿನವನ್ನು ನಾವು ಮರೆತಿಲ್ಲ. ಈಗ ಬೀಡಿಯ ಕೆಲಸವು ಕಡಿಮೆಯಾಗುತ್ತ ಬಂದಿದೆ. ಅದರ ಸ್ಥಾನದಲ್ಲಿ ಸ್ತ್ರೀಯರ ಕೈಗೆ ಯಾವ ಹಣ ಬರುವುದೆಂಬುದು ನಮ್ಮನ್ನು ಬಹಳವಾಗಿ ಕಾಡುವ ಪ್ರಶ್ನೆ.

ಕೂಲಿಯು ಕೈಗೆ ಬಂದರೆ ಸಾಲದು, ಅದು ಉಳಿಯಲೂ ಬೇಕಷ್ಟೆ. ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಮಂಗಳೂರಿನಲ್ಲಿ ತೊಡಗಿದ ಸಣ್ಣ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಇದೇ ಮಹನೀಯರು ಅದಕ್ಕೂ ಹನ್ನೆರಡು ವರ್ಷಗಳ ಮೊದಲು, 1894ರಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ಸ್ಥಾಪಿಸಿದ್ದರು. ಈ ಎರಡು ಕಾರ್ಯಗಳನ್ನು ಒಬ್ಬರೇ ಮಾಡಿದರೆಂಬುದು ನಮಗೆ ಬಹು ಮೆಚ್ಚಿಗೆಯ ಸಂಗತಿ. 1924ರಲ್ಲಿ ಕರ್ಣಾಟಕ ಬ್ಯಾಂಕೂ 1931ರಲ್ಲಿ ವಿಜಯಾ ಬ್ಯಾಂಕೂ ಇಲ್ಲಿ ಹುಟ್ಟಿದವು. ನೆರೆಯ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನಾದರೂ ಮನೆಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿತ್ತು. ಮಡಕೆಯಲ್ಲಿ ಬಿದ್ದಿದ್ದ ಎರಡಾಣೆಯಿಂದ ಯಾರಿಗೂ ಪ್ರಯೋಜನವಿಲ್ಲ. ಸಾವಿರ ಮಡಕೆಗಳ ಹಣ ಒಂದೆಡೆ ಕೂಡಿದರೆ ಮಗ್ಗಕ್ಕೆ ನೂಲೂ ಅಂಗಡಿಗೆ ಬಂಡವಾಳವೂ ಆದೀತು. ವಿಜಯಾ ಬ್ಯಾಂಕು 2019ರಲ್ಲಿಯೂ ಸಿಂಡಿಕೇಟ್ ಬ್ಯಾಂಕು 2020ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಫಲಕ ಇಳಿಸಿದ ದಿನ ಅನೇಕರು ಮನೆಯ ಹಿರಿಯರನ್ನು ಕಳಕೊಂಡವರಂತೆ ಮರುಗಿದರು.

ಬೆಳೆಗಾರರೇ ಕೂಡಿ ಪಟ್ಟಣದಲ್ಲಿ ತಮ್ಮ ಮಳಿಗೆಯನ್ನು ತೆರೆದದ್ದೂ ಉಂಟು. ಅಡಿಕೆಯ ಬೆಲೆ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಎಂಬ ಸಹಕಾರ ಸಂಘವು ಮಂಗಳೂರಿನಲ್ಲಿ ಸ್ಥಾಪಿತವಾಯಿತು. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಪಟ್ಟಣಕ್ಕೆ ಹೋದ ಹಣವು ಹಳ್ಳಿಯ ಕಡೆಗೆ ತಿರುಗಿ ಬರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾವರಿಯೆವು.

ವಿದ್ಯೆಯ ವಿಷಯದಲ್ಲಿ ಪಟ್ಟಣದ ಉಪಕಾರವು ಈ ಜಿಲ್ಲೆಯ ಮೇರೆಯನ್ನು ಮೀರಿದ್ದು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ "ಮಂಗಳೂರ ಸಮಾಚಾರ"ವನ್ನು 1843ರಲ್ಲಿ ಮೋಗ್ಲಿಂಗರು ಇಲ್ಲಿಂದಲೇ ಹೊರಡಿಸಿದರು. ಕಿಟೆಲರ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಸ್ತ್ರೀಯರಿಗಾಗಿಯೇ ತೆರೆಯಿತು. ಹೆರಿಗೆಯ ಸಂಕಟದಲ್ಲಿ ಲೇಡಿ ಗೋಶನ್ ಆಸ್ಪತ್ರೆಗೆ ಧಾವಿಸಿದ ಕುಟುಂಬಗಳು ನಮ್ಮ ಓದುಗರಲ್ಲಿಯೂ ಇರಬೇಕು.

ಆದರೆ ಪಟ್ಟಣವು ಕೊಡುವುದಲ್ಲದೆ ತೆಗೆದುಕೊಳ್ಳುವುದೂ ಉಂಟು. ಅದು ಕುಡಿಯುವುದು ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ತಡೆದ ನೇತ್ರಾವತಿಯ ನೀರನ್ನು. ಆ ನೀರು ಏರಿದಾಗ ಮೇಲ್ಗಡೆಯ ರೈತರ ಭೂಮಿ ಮುಳುಗಿತು. 2019ರ ಬೇಸಗೆಯಲ್ಲಿ ನದಿಯು ಬತ್ತಿ, ಪಟ್ಟಣದಲ್ಲಿ ಸರದಿಯ ಪ್ರಕಾರ ನೀರು ಬಿಡಬೇಕಾಯಿತು. ಮೇಲಣ ಕಾಡು ಕೆಟ್ಟರೆ ಕೆಳಗಣ ನಲ್ಲಿ ಒಣಗುವುದೆಂಬುದು ಆಗ ಬಹಳ ಜನರಿಗೆ ಹೊಸದಾಗಿ ಹೊಳೆಯಿತು. ಕುದುರೆಮುಖದ ಅದಿರನ್ನು ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಕಾಡಿಗಾದ ಹಾನಿಯ ನಿಮಿತ್ತ ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಯಲ್ಲಿ ಆ ಗಣಿ ನಿಂತಿತು. ಆದುದರಿಂದ ಪಟ್ಟಣವು ತನ್ನ ಸಾಲವನ್ನೆಲ್ಲಾ ತೀರಿಸಿದೆಯೆಂದು ನಾವು ಹೇಳಲಾರೆವು. ಹೆಚ್ಚು ತೀರಿಸಿದ್ದು ಕೂಲಿಯಲ್ಲಿಯೂ ಶಾಲೆಗಳಲ್ಲಿಯೂ; ಬಹು ಕಡಿಮೆ ತೀರಿಸಿದ್ದು ಮಣ್ಣಿಗೂ ನೀರಿಗೂ.

ನಮ್ಮ ಊರು ಮಂಗಳೂರಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಪ್ರತಿವರ್ಷ ಪರೀಕ್ಷೆಯ ಫಲ ಬಂದೊಡನೆ ತಂದೆತಾಯಿಗಳು ಬಂದು, ಮಗಳನ್ನು ಪೇಟೆಗೆ ಕಳುಹಿಸಬಹುದೋ ಎಂದು ವಿಚಾರಿಸುವರು. ಅವಳು ಅಲ್ಲಿ ಏನು ಕಲಿಯುವಳು, ಕಲಿತ ಮೇಲೆ ಅವಳ ಸಂಬಳ ಯಾರ ಕೈಯಲ್ಲಿ ಇರುವುದು ಎಂದು ನಾವು ಮೊದಲು ಕೇಳುವೆವು. ಎರಡನೆಯ ಪ್ರಶ್ನೆಗೆ ಕೆಲವರು ಕೋಪಿಸಿಕೊಂಡದ್ದೂ ಉಂಟು.

ಮಾಡಿನ ಕೆಲಸವು ಮುಗಿದಿದೆ. ಅಕ್ಷರಗಳು ಸ್ಪಷ್ಟವಾಗಿರುವ ಒಂದು ಹಂಚನ್ನು ಆ ಹುಡುಗಿಯು ಭೂಗೋಳದ ಕೋಣೆಗೆ ತಂದಿಟ್ಟಿದ್ದಾಳೆ. ಉಳಿದವುಗಳನ್ನು ಬಾವಿಕಟ್ಟೆಯ ಬಳಿ ಜೋಡಿಸಿಟ್ಟಿದ್ದೇವೆ. ಹಳೇ ವಿದ್ಯಾರ್ಥಿನಿಯರಲ್ಲಿ ಮನೆಯ ಮಾಡಿಗೆ ಬೇಕಾದವರು ಕೇಳಿ ಕೊಂಡುಹೋಗಬಹುದು.