ಬಿಷಪರ ಮುದ್ರೆಯೋ? ಕೋರ್ಟಿನ ಮುದ್ರೆಯೋ?

ಗಂಟು ಹಾಕಿದವರಿಗೆ ಗಂಟು ಬಿಚ್ಚಲಿಕ್ಕೂ ಗೊತ್ತಿರಬೇಕು ಎಂಬುದು ಲೋಕದ ಲೆಕ್ಕ. ಕ್ರೈಸ್ತ ಮದುವೆಯಲ್ಲಿ ಮಾತ್ರ ಈ ಲೆಕ್ಕ ತಾಳೆ ಬೀಳುವುದಿಲ್ಲ ಮಾರಾಯ್ರೆ! ಇಗರ್ಜಿಯ ಪಾದ್ರಿಗಳು ಮಾಡಿಸಿದ ಮದುವೆಯನ್ನು ಸರ್ಕಾರ ಒಪ್ಪುತ್ತದೆ. ಆದರೆ ಅದೇ ಮದುವೆ ಊರ್ಜಿತವಲ್ಲ ಎಂದು ಇಗರ್ಜಿಯ ನ್ಯಾಯಪೀಠ ತೀರ್ಪು ಕೊಟ್ಟರೆ ಸರ್ಕಾರ ಕಣ್ಣೆತ್ತಿಯೂ ನೋಡುವುದಿಲ್ಲ.

ಈ ಪ್ರಶ್ನೆಯನ್ನು ದೆಹಲಿಯ ತನಕ ಕೊಂಡೊಯ್ದದ್ದು ನಮ್ಮ ಮಂಗಳೂರಿನ ಹಿರಿಯ ವಕೀಲರೊಬ್ಬರು. ಕಥೋಲಿಕರ ಸಂಘಟನೆಯಲ್ಲಿ ದುಡಿದವರು. 2013ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿದರು. ಕಥೋಲಿಕರಿಗೆ ಕ್ಯಾನನ್ ಕಾನೂನೇ ವೈಯಕ್ತಿಕ ಕಾನೂನು. ಮುಸ್ಲಿಮರ ತಲಾಖನ್ನು ಕೋರ್ಟು ಒಪ್ಪುವುದಾದರೆ ನಮ್ಮ ಇಗರ್ಜಿಯ ತೀರ್ಪನ್ನೂ ಒಪ್ಪಬೇಕು ಎಂಬುದು ಅವರ ವಾದ. 2017ರ ಜನವರಿ 19ರಂದು ಮುಖ್ಯ ನ್ಯಾಯಮೂರ್ತಿ ಖೇಹರ್ ಅವರಿದ್ದ ಪೀಠ ಅರ್ಜಿಯನ್ನು ವಜಾ ಮಾಡಿತು. 1996ರಲ್ಲಿ ಮೋಲಿ ಜೋಸೆಫ್ ಮೊಕದ್ದಮೆಯಲ್ಲೇ ಇದು ತೀರ್ಮಾನವಾಗಿದೆ, ದೇಶದ ವಿಚ್ಛೇದನ ಕಾಯ್ದೆಯ ಮೇಲೆ ಕ್ಯಾನನ್ ಕಾನೂನು ಕೂರಲಾರದು ಎಂದಿತು.

ಇದೇನು ವಕೀಲರ ಜಗಳ, ನಮಗೆಂತ? ಎನ್ನಬೇಡಿ. ಇದರ ಮಧ್ಯೆ ಸಿಕ್ಕಿಕೊಳ್ಳುವುದು ಬಡಪಾಯಿ ವಿಶ್ವಾಸಿ.

ಎರಡು ದೋಣಿ, ಒಬ್ಬಳು ಹೆಣ್ಣುಮಗಳು

ಒಬ್ಬಳು ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಗಂಡ ಮೊದಲೇ ಮೋಸ ಮಾಡಿ, ಮುಖ್ಯ ಸಂಗತಿಯೊಂದನ್ನು ಮುಚ್ಚಿಟ್ಟು ಮದುವೆಯಾಗಿದ್ದಾನೆ. ಆಕೆ ಬಿಷಪರ ನ್ಯಾಯಪೀಠಕ್ಕೆ ಹೋಗುತ್ತಾಳೆ. ಇಗರ್ಜಿ ವಿಚ್ಛೇದನ ಕೊಡುವುದಿಲ್ಲ. ಅದು ಕೊಡುವುದು ಬೇರೆಯೇ: "ಈ ಮದುವೆ ಮೊದಲ ದಿನದಿಂದಲೇ ಮದುವೆಯಾಗಿರಲಿಲ್ಲ" ಎಂಬ ಘೋಷಣೆ. ಬೆದರಿಸಿ ಒಪ್ಪಿಸಿದ್ದರೆ, ಮೋಸದಿಂದ ಒಪ್ಪಿಸಿದ್ದರೆ, ಮದುವೆಯ ಹೊಣೆ ಹೊರುವ ಮನಸ್ಥಿತಿಯೇ ಇಲ್ಲದಿದ್ದರೆ ಇದು ಸಾಧ್ಯ. 1983ರ ಕ್ಯಾನನ್ ಸಂಹಿತೆಯಲ್ಲಿ ಇವೆಲ್ಲ ಬರೆದಿವೆ.

ಘೋಷಣೆ ಕೈಗೆ ಬಂತು. ಪಾದ್ರಿಗಳು ಆಶೀರ್ವಾದ ಮಾಡಿದರು. ಆಕೆ ಇನ್ನೊಂದು ಮದುವೆಯಾದಳು. ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ದೇವರ ಮನೆಯವರೇ ಹೇಳಿದ ಮೇಲೆ ಮತ್ತೇಕೆ ಎಂದುಕೊಂಡಳು. ಒಂದು ದಿನ ಹಳೆಯ ಗಂಡನೋ ಅವನ ಕಡೆಯವರೋ ದೂರು ಕೊಟ್ಟರೆ? ಕಾನೂನಿನ ಕಣ್ಣಿಗೆ ಮೊದಲ ಮದುವೆ ಇನ್ನೂ ಜೀವಂತ. ಗಂಡ ಬದುಕಿರುವಾಗಲೇ ಇನ್ನೊಂದು ಮದುವೆಯಾದ ಅಪರಾಧಕ್ಕೆ 7 ವರ್ಷದವರೆಗೂ ಸೆರೆವಾಸ! ಪಿಂಚಣಿ, ಆಸ್ತಿಯ ಪಾಲು ಎಂದಾಗಲೂ ಎರಡನೇ ಮದುವೆಗೆ ಬೆಲೆಯಿಲ್ಲ.

ಇನ್ನೊಬ್ಬಳು ಉಲ್ಟಾ ದಾರಿ ಹಿಡಿದಳು ಅನ್ನಿ. ಕೋರ್ಟಿನಿಂದ ವಿಚ್ಛೇದನ ಪಡೆದು, 1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟ್ರಾರರ ಕಚೇರಿಯಲ್ಲಿ ಎರಡನೇ ಮದುವೆಯಾದಳು. ಸರ್ಕಾರ ಸಮ ಅಂತು. ಇಗರ್ಜಿ ಮಾತ್ರ ಮೊದಲ ಮದುವೆಯನ್ನೇ ಹಿಡಿದು ಕೂತಿತು. ಭಾನುವಾರ ಎಲ್ಲರೂ ಪರಮಪ್ರಸಾದಕ್ಕೆ ಸಾಲು ನಿಂತಾಗ ಆಕೆ ಬೆಂಚಿನಲ್ಲೇ ಕೂರಬೇಕು. ಹೊರಗಿನವರಿಗೆ ಇದು ಸಣ್ಣ ವಿಷಯ. ಹುಟ್ಟಿದಂದಿನಿಂದ ನಂಬಿಕೊಂಡು ಬಂದವಳಿಗೆ ಸಣ್ಣದಲ್ಲ.

ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ?

ನಮ್ಮ ವ್ಯಾಪಾರಿ ಮಿತ್ರರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ವರ್ತಕರ ಸಂಘದ ಅಧ್ಯಕ್ಷರ ಮಾತಿಗೆ ಪೇಟೆಯಲ್ಲಿ ತೂಕ ಇದೆ. ಹಾಗಂತ ಅವರು ಬರೆದುಕೊಟ್ಟ ಚೀಟಿ ಪುರಸಭೆಯ ಲೈಸನ್ಸ್ ಆಗುತ್ತದೆಯೇ? ಪಾದ್ರಿಗಳದ್ದೂ ಹಾಗೆಯೇ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಅವರಿಗೆ ಮದುವೆ ಮಾಡಿಸುವ ಅಧಿಕಾರ ಕೊಟ್ಟಿದೆ. ಬಿಡಿಸುವ ಅಧಿಕಾರವನ್ನು 1869ರ ವಿಚ್ಛೇದನ ಕಾಯ್ದೆ ಕೋರ್ಟಿನ ಕೈಯಲ್ಲೇ ಇಟ್ಟಿದೆ.

ಆ ಹಳೆಯ ಕಾಯ್ದೆಯೂ ಸಾಧುವೇನಲ್ಲ. ಹೆಂಡತಿಗೆ ವ್ಯಭಿಚಾರವಿದೆ ಎಂದರೆ ಗಂಡನಿಗೆ ವಿಚ್ಛೇದನಕ್ಕೆ ಅಷ್ಟೇ ಸಾಕಿತ್ತು. ಹೆಂಡತಿಯಾದರೆ ಸಾಮಾನ್ಯವಾಗಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. 2001ರ ತಿದ್ದುಪಡಿ ಬಂದ ಮೇಲೆ ಈ ತಾರತಮ್ಯ ಹೋಯಿತು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ದಾರಿಯಾಯಿತು.

ಪ್ರೊಟೆಸ್ಟೆಂಟರಿಗೆ ಈ ಎರಡು ದೋಣಿಯ ಪಾಡು ಅಷ್ಟಿಲ್ಲ. 1520ರಲ್ಲೇ ಮಾರ್ಟಿನ್ ಲೂಥರ್ ಮದುವೆ ಸಂಸ್ಕಾರಗಳ ಸಾಲಿಗೆ ಸೇರದು ಎಂದು ಬರೆದ. ನಂಬಿದವರೆಲ್ಲರೂ ಯಾಜಕರೇ, ದೇವರಿಗೂ ಮನುಷ್ಯನಿಗೂ ಮಧ್ಯೆ ದಲ್ಲಾಳಿ ಬೇಡ ಎಂಬುದು ಅವನ ವಾದ. ಆ ಪರಂಪರೆಯ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೀಗಾಗಿ ಒಂದೇ ಊರಿನ ಬೇರೆ ಬೇರೆ ಬೀದಿಯ ಎರಡು ಇಗರ್ಜಿಗಳಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರ!

ರೋಮಿನಲ್ಲೂ ಗಾಳಿ ಬೀಸಿದೆ

ಕಥೋಲಿಕ ಇಗರ್ಜಿ ಕಲ್ಲಿನ ಗೋಡೆಯಂತೆ ನಿಂತಿದೆ ಎಂದರೂ ತಪ್ಪಾದೀತು. ಮೊದಲು ಒಂದು ತೀರ್ಪು ಸಾಲದು, ಎರಡನೇ ನ್ಯಾಯಪೀಠವೂ ಹೌದೆನ್ನಬೇಕಿತ್ತು. ವರ್ಷಗಟ್ಟಲೆ ಓಡಾಟ. ಅಂದಿನ ಪೋಪ್ ಫ್ರಾನ್ಸಿಸ್ 2015ರಲ್ಲಿ ಆ ನಿಯಮ ಕಿತ್ತುಹಾಕಿದರು. ಒಂದೇ ತೀರ್ಪು ಸಾಕು, ಸ್ಪಷ್ಟವಿರುವ ಪ್ರಕರಣಗಳನ್ನು ಬಿಷಪರೇ ಬೇಗ ಮುಗಿಸಬಹುದು, ಆದಷ್ಟು ಉಚಿತವಾಗಿ ನಡೆಯಲಿ ಎಂದರು. 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾದ್ರಿಗಳ ಕೆಲಸ ವಿಶ್ವಾಸಿಯ ಅಂತಃಸಾಕ್ಷಿಯನ್ನು ತಿದ್ದಿ ಬೆಳೆಸುವುದು, ಅದರ ಜಾಗದಲ್ಲಿ ತಾವೇ ಕೂರುವುದಲ್ಲ ಎಂಬರ್ಥದ ಮಾತು ಬರೆದರು. ಎರಡನೇ ಮದುವೆಯಾದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ನೋಡಿ ಎಂದರು. ಇದಕ್ಕೆ ಕೆಲವು ಕಾರ್ಡಿನಲ್‌ಗಳೇ ಬಹಿರಂಗವಾಗಿ ತಕರಾರು ಎತ್ತಿದರು. ಮೇಲಿನವರಲ್ಲೇ ಒಮ್ಮತ ಇಲ್ಲದಿದ್ದರೆ ಕೆಳಗಿನವರು ಏನ್ ಮಾಡೋದು?

ಕೇಳುವುದು! ಇದು ನಾವು ಹೇಳುವ ಮಾತಲ್ಲ. ತಮ್ಮ ಅಗತ್ಯಗಳನ್ನು ಗುರುಗಳ ಮುಂದಿಡುವ ಹಕ್ಕು, ಇಗರ್ಜಿಯ ಹಿತದ ವಿಷಯದಲ್ಲಿ ಗೌರವದಿಂದಲೇ ಅಭಿಪ್ರಾಯ ಹೇಳುವ ಹಕ್ಕು ವಿಶ್ವಾಸಿಗಳಿಗಿದೆ ಎಂದು ಅದೇ 1983ರ ಸಂಹಿತೆಯ 212ನೇ ನಿಯಮ ಹೇಳುತ್ತದೆ. ಅಭಿಪ್ರಾಯ ಹೇಳುವುದು ಕೆಲವೊಮ್ಮೆ ಕರ್ತವ್ಯವೂ ಹೌದಂತೆ. ಪ್ರತಿ ಇಗರ್ಜಿಯಲ್ಲೂ ಹಣಕಾಸಿನ ಸಮಿತಿ ಇರಲೇಬೇಕು ಎನ್ನುವುದು 537ನೇ ನಿಯಮ. ಆದರೆ ಪಾಲನಾ ಮಂಡಳಿಗೆ ಸಲಹೆ ಕೊಡುವ ಹಕ್ಕು ಮಾತ್ರ. ಕೊನೆಯ ಮಾತು ಪಾದ್ರಿಗಳದ್ದೇ. ವಾಡೆಯ ಗುರ್ಕಾರರು ಊರಿನ ಸುಖದುಃಖ ಹೊತ್ತು ತಂದರೂ ಅಷ್ಟೇ.

ಹಾಗಾದರೆ ಮಾಡಬೇಕಾದದ್ದೇನು? ಮದುವೆಗೆ ಮುಂಚೆ ಜೋಡಿಗಳಿಗೆ ತರಬೇತಿ ಕೊಡುತ್ತಾರಲ್ಲ, ಅಲ್ಲೇ ಈ ಎರಡು ಮುದ್ರೆಯ ವಿಷಯ ಬಿಡಿಸಿ ಹೇಳಲಿ. ನ್ಯಾಯಪೀಠದಿಂದ ಘೋಷಣೆ ಕೊಡುವಾಗ "ಇದು ಕೋರ್ಟಿನ ಆದೇಶವಲ್ಲ, ಅದನ್ನೂ ಪಡೆಯಿರಿ" ಎಂದು ಅದೇ ಕಾಗದದ ಮೇಲೆ ಕನ್ನಡದಲ್ಲೋ ಕೊಂಕಣಿಯಲ್ಲೋ ಒಂದು ಸಾಲು ಬರೆಯಲಿ. ಒಂದು ಸಾಲಿನ ಶಾಯಿಗೆ ಎಷ್ಟು ಖರ್ಚಾದೀತು?

ವಿಶ್ವಾಸಿಗಳಿಗೂ ಒಂದು ಮಾತು. ಪಾದ್ರಿಗಳ ಮೇಲೆ ಗೌರವ ಇರಲಿ, ಆತ್ಮದ ವಿಷಯದಲ್ಲಿ ಅವರ ಮಾತು ಕೇಳಿ. ಆದರೆ ಎರಡನೇ ಬಾರಿ ಉಂಗುರ ತೊಡುವ ಮುಂಚೆ ಕೋರ್ಟಿನ ಆದೇಶದ ದೃಢೀಕೃತ ನಕಲು ಕಪಾಟಿನಲ್ಲಿ ಇದೆಯೋ ಎಂದು ನೋಡಿಕೊಳ್ಳಿ. ಆಶೀರ್ವಾದ ಸ್ವರ್ಗಕ್ಕಾಯಿತು, ಪೊಲೀಸ್ ಠಾಣೆಯಲ್ಲಿ ಕಾಗದವನ್ನೇ ಕೇಳುತ್ತಾರೆ.